ದಿನಕ್ಕೆ ಮೂರು ಸಲ ಹಬೆ

ಡಾಕ್ಟರ ಮಾತನ್ನು ಚಾಚೂ ತಪ್ಪದೆ ಪಾಲಿಸಿ ಕಾಯಿಲೆ ಹೆಚ್ಚಿಸಿಕೊಂಡ ಮನುಷ್ಯ ಈ ಸಿದ್ದಾಪುರ, ಶಿರಸಿ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ಈಗ ನಗುತ್ತಾ ಬರೆಯುತ್ತಿದ್ದೇನೆ. ಆಗ ನಗುವಷ್ಟು ಉಸಿರು ಇರಲಿಲ್ಲ.

ನನ್ನದು ಬೇಕರಿ. ಏಳನೇ ಇಯತ್ತೆಗೆ ಶಾಲೆ ಬಿಟ್ಟು ಶಿರಸಿಯ ಒಂದು ಬೇಕರಿಯಲ್ಲಿ ಟ್ರೇ ತೊಳೆಯಲು ಸೇರಿದವನು. ಹನ್ನೆರಡು ವರ್ಷ ಅಲ್ಲಿ ಮೈ ಮುರಿದು ಕೆಲಸ ಕಲಿತು, ಆಮೇಲೆ ಸಿದ್ದಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ಸ್ವಂತದ್ದು ಹಾಕಿದೆ. ಗಡಿಯಾರ ನೋಡಿ ಬೇಯಿಸುವ ಅಭ್ಯಾಸ ನನಗಿಲ್ಲ. ಭಟ್ಟಿಯ ಬಾಗಿಲು ಮುಚ್ಚಿದ್ದರೂ ಟೋಸ್ಟು ಆಗಿದೆಯೋ, ಇನ್ನೆರಡು ನಿಮಿಷ ಬೇಕೋ ಎಂದು ನನ್ನ ಮೂಗು ಹೇಳುತ್ತದೆ. ಎಸೆನ್ಸಿನ ಬಾಟಲಿಯ ಮುಚ್ಚಳ ತೆಗೆದರೆ ಸಾಕು, ಹೊಸದೋ ಹಳಸಿದ್ದೋ ಹೇಳಬಲ್ಲೆ. ಓದಿದವರ ಮುಂದೆ ನಾನು ತಲೆ ತಗ್ಗಿಸದೆ ನಿಂತದ್ದು ಈ ಮೂಗಿನ ಬಲದಿಂದ.

ಆದರೆ ಅದೇ ಮೂಗಿನ ಕೆಳಗೆ ಇಪ್ಪತ್ತು ವರ್ಷ ಬೀಡಿಯೂ ಇತ್ತು. ಒಮ್ಮೆ ಪರಿಚಯದ ಹೆಂಗಸೊಬ್ಬಳು ಬನ್ನಿನ ಪೊಟ್ಟಣ ವಾಪಸು ತಂದು ಕೌಂಟರಿನ ಮೇಲಿಟ್ಟು, "ತಮ್ಮಾ, ಇದ್ರಲ್ಲಿ ಬೀಡಿ ವಾಸನೆ ಬರ್ತದಲಾ" ಎಂದಳು. ಕೌಂಟರಿನಲ್ಲಿದ್ದ ನನ್ನ ಹೆಂಡತಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬನ್ನು ಬದಲಾಯಿಸಿ ಕೊಟ್ಟಳು. ಬೈದಿದ್ದರೆ ಮರೆಯುತ್ತಿದ್ದೆ. ಸುಮ್ಮನಿದ್ದದ್ದು ಚುಚ್ಚಿತು. ಅವತ್ತೇ ಬೀಡಿ ಬಿಡುವುದೆಂದು ನಿಶ್ಚಯ ಮಾಡಿದೆ.

ನಿಶ್ಚಯಕ್ಕೆ ನೆರವಾಗಲು ಬಂದವನು ಯಲ್ಲಾಪುರದ ಬಾಮೈದ. ಲಾರಿ ಓಡಿಸುತ್ತಾನೆ, ಗೋವಾದ ದಾರಿ ಅವನಿಗೆ ಮನೆಯ ಅಂಗಳ ಇದ್ದಂತೆ. ಪೆನ್ನಿನ ಹಾಗಿನ ಒಂದು ಕೊಳವೆ, ಜೊತೆಗೆ ಬಣ್ಣದ ಚೀಟಿಯ ಎರಡು ಸಣ್ಣ ಬಾಟಲಿ ತಂದು ನನ್ನ ಕೈಗಿಟ್ಟ.

"ಭಾವ, ಇದು ಹೊಗೆ ಅಲ್ಲ. ಹಬೆ. ಬೆಂಕಿ ಇಲ್ಲ, ಬೂದಿ ಇಲ್ಲ. ಒಳಗೆ ಇರೋದು ತಿನ್ನೋ ಎಸೆನ್ಸೇ. ಒಂದು ಅನಾನಸು, ಒಂದು ಬೆಣ್ಣೆ ಬಿಸ್ಕಿಟು. ನಿಮ್ಮ ಬೇಕರಿದೇ ವಾಸನೆ!"

ನನ್ನ ಹೆಂಡತಿ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ತಮ್ಮನಿಗೆ ಹೇಳಿದಳು, "ಬೀಡಿ ಬಿಡ್ಸು ಅಂದ್ರೆ ಪೀಪಿ ತಂದ್ಯಾ? ಇವರಿಗೇನು ತೊಟ್ಲು ಕಟ್ಟಬೇಕಾ?"

ಅವತ್ತಿನಿಂದ ಅದಕ್ಕೆ ನಮ್ಮ ಮನೆಯಲ್ಲಿ ಪೀಪಿ ಎಂದೇ ಹೆಸರು. ಅಂಥದ್ದನ್ನು ನಮ್ಮ ದೇಶದಲ್ಲಿ ಮಾರುವುದೇ ನಿಷೇಧ ಎಂದು ನನಗೆ ಗೊತ್ತಿರಲಿಲ್ಲ. ಬಾಮೈದನಿಗೂ ಗೊತ್ತಿರಲಿಲ್ಲ ಎಂದು ಅವನು ಇವತ್ತಿಗೂ ಆಣೆ ಮಾಡುತ್ತಾನೆ.

ಪೀಪಿ ಎಳೆದೆ. ಬೀಡಿ ಬಿಟ್ಟೆ. ಒಂದು ತಿಂಗಳು ಆಯಿತು, ಎರಡಾಯಿತು. ಭಟ್ಟಿಯ ಮುಂದೆ ನಿಂತು ಬೆಣ್ಣೆ ಬಿಸ್ಕಿಟಿನ ಪರಿಮಳದ ಬಿಳಿ ಹಬೆ ಬಿಡುವಾಗ ನನಗೆ ನಾನೇ ದೊಡ್ಡ ಮನುಷ್ಯನಂತೆ ಕಂಡೆ. ಸಿಕ್ಕಿದವರಿಗೆಲ್ಲ, "ಮನಸ್ಸು ಗಟ್ಟಿ ಇದ್ರೆ ಬೀಡಿ ಎಂತಾ ಮಹಾ" ಎಂದು ಹೇಳಿದ್ದೇ ಹೇಳಿದ್ದು.

ನನ್ನ ಈ ನಂಬಿಕೆಗೆ ಬುಡ ಇತ್ತು. ನಮ್ಮ ಕಡೆ ಶೀತವಾದರೆ, ಎದೆ ಕಟ್ಟಿದರೆ ಮೊದಲ ಮದ್ದೇ ಹಬೆ. ಪಾತ್ರೆಯಲ್ಲಿ ನೀರು ಕುದಿಸಿ, ನಾಲ್ಕು ತುಳಸಿ ಎಲೆ ಹಾಕಿ, ತಲೆಯ ಮೇಲೆ ಕಂಬಳಿ ಹೊದ್ದು ಕೂರುವುದು. ನನ್ನ ತಾಯಿ ನನ್ನ ಕುತ್ತಿಗೆ ಅದುಮಿ ಹಿಡಿದು ಹಬೆ ಕೊಡಿಸಿದ್ದು ಇನ್ನೂ ನೆನಪಿದೆ. ಹೊಗೆ ಎಂದರೆ ಕೆಟ್ಟದ್ದು, ಹಬೆ ಎಂದರೆ ಒಳ್ಳೆಯದು. ಇಷ್ಟು ನನ್ನ ತಲೆಯಲ್ಲಿ ಹುಟ್ಟಿದಾಗಿನಿಂದ ಕೂತಿತ್ತು. ಬಾಮೈದ ಹಬೆ ಎಂದ, ನಾನು ಎರಡನೇ ಪ್ರಶ್ನೆ ಕೇಳಲಿಲ್ಲ.

ಮೂರನೇ ತಿಂಗಳಲ್ಲಿ ಬಾಟಲಿ ಖಾಲಿಯಾಯಿತು. ಬಾಮೈದನ ಲಾರಿ ಆಗ ಬೇರೆ ದಾರಿಗೆ ಹೋಗಿತ್ತು. ಖಾಲಿ ಬಾಟಲಿಯ ಚೀಟಿಯನ್ನು ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಶಾಲೆ ಬಿಟ್ಟರೂ ಡಬ್ಬಿಗಳ ಮೇಲಿನ ಇಂಗ್ಲಿಷ್ ಓದಲು ಕಸುಬೇ ಕಲಿಸಿದೆ. ಗ್ಲಿಸರಿನ್. ಫ್ಲೇವರ್. ಎರಡೂ ನನ್ನ ಕಪಾಟಿನಲ್ಲೇ ಇದ್ದವು! ಕೇಕಿನ ಮೇಲಿನ ಐಸಿಂಗ್ ಗಟ್ಟಿಯಾಗದಿರಲಿ ಎಂದು ನಾವು ಗ್ಲಿಸರಿನ್ ಹಾಕುತ್ತೇವೆ. ಬಟರ್ ಎಸೆನ್ಸ್ ಅಂತೂ ಬಿಸ್ಕಿಟಿಗೆ ದಿನವೂ ಬೇಕು. ಎರಡನ್ನೂ ನನ್ನ ಕೈಯಳತೆಯಲ್ಲಿ ಬೆರೆಸಿ ಪೀಪಿಗೆ ತುಂಬಿದೆ. ಗೋವಾದ್ದಕ್ಕಿಂತ ಪರಿಮಳ ಜಾಸ್ತಿಯೇ ಬಂತು. ತಿನ್ನುವ ಸಾಮಾನು, ನನ್ನದೇ ಕೈಕೆಲಸ, ತಂಬಾಕಿನ ಸೋಂಕೂ ಇಲ್ಲ. ಇನ್ನೇನು ಬೇಕು ಎಂದುಕೊಂಡೆ.

ಕೆಲವು ವಾರಗಳಲ್ಲಿ ಕೆಮ್ಮು ಹಿಡಿಯಿತು. ಒಣ ಕೆಮ್ಮು, ಕಫವೂ ಬಾರದು, ಸಮಾಧಾನವೂ ಆಗದು. ಮೈದಾ ಚೀಲ ಹೊತ್ತು ಮೂರು ಮೆಟ್ಟಿಲು ಹತ್ತಿದರೆ ಎದೆಯೊಳಗೆ ಸೀಟಿ ಹೊಡೆದ ಸದ್ದು. ಒಂದು ದಿನ ಭಟ್ಟಿಯ ಎದುರು ನಿಂತಿದ್ದಂತೆಯೇ ಒಂದು ಟ್ರೇ ಟೋಸ್ಟು ಕರಕಾಯಿತು, ನನ್ನ ಮೂಗಿಗೆ ಬರಲೇ ಇಲ್ಲ. ಹೆಂಡತಿ ಒಳಗೆ ಓಡಿ ಬಂದು, "ನಿಮ್ಗೆಂತಾ ಆಗಿದೆ? ರಸ್ತೆಗೆ ಬರ್ತಾ ಇದೆ ಸುಟ್ಟ ವಾಸನೆ" ಎಂದಾಗ ಮೊದಲ ಸಲ ಹೆದರಿಕೆಯಾಯಿತು.

ಶಿರಸಿಗೆ ಹೋಗಿ ಎದೆಯ ಡಾಕ್ಟರನ್ನು ಕಂಡೆ. ಅವರು ಹಾವೇರಿ ಕಡೆಯವರು, ಮಾತು ಚುರುಕು. ಹೊರಗೆ ಜನರ ಸಾಲು ಬಾಗಿಲು ದಾಟಿತ್ತು.

"ಬೀಡಿ ಸೇದ್ತೀರೇನ್ರಿ?"

"ಬಿಟ್ಟು ನಾಲ್ಕು ತಿಂಗ್ಳಾತು ಸರ್. ಈಗ ಹಬೆ ಒಂದೇ ತಗಳ್ತೆ."

"ಛಲೋ ಮಾಡೀರಿ ನೋಡ್ರಿ! ಹಬಿ ದಿನಕ್ಕ ಎಷ್ಟು ಸಲ ತಗೋತೀರಿ?"

"ಒಂದು, ಎರಡು ಸಲ."

"ಸಾಲೂದಿಲ್ಲ. ಮೂರು ಸಲ ತಗೋರಿ. ಆರಾಮ ಕುಂತು, ಉಸಿರು ಉದ್ದಕ ಎಳೀರಿ. ಬಿಡಬ್ಯಾಡ್ರಿ."

ಮಾತ್ರೆ ಬರೆದುಕೊಟ್ಟರು. ನಾನು ಎದೆ ಉಬ್ಬಿಸಿಕೊಂಡೇ ಬಸ್ಸು ಹತ್ತಿದೆ. ಮನೆಗೆ ಬಂದವನೇ ಹೆಂಡತಿಗೆ, "ನೀನು ಪೀಪಿ ಪೀಪಿ ಅಂತಿದ್ಯಲಾ, ಡಾಕ್ಟ್ರೇ ಹೇಳಿದಾರೆ, ಮೂರು ಸಲ ತಗಳಿ ಅಂತ" ಎಂದೆ. ಅವಳು ಹುಬ್ಬೇರಿಸಿದಳು. ಆದರೂ ಡಾಕ್ಟರ ಮೇಲೆ ಮಾತಾಡುವುದು ಹೇಗೆ? ನಾನು ತಿಂಡಿ ಆದ ಮೇಲೆ ಒಂದು, ಊಟ ಆದ ಮೇಲೆ ಒಂದು, ಸಂಜೆ ಒಂದು, ಮಾತ್ರೆ ನುಂಗಿದಷ್ಟೇ ನಿಷ್ಠೆಯಿಂದ ಪೀಪಿ ಎಳೆದೆ. ಆರಾಮ ಕೂತು, ಉಸಿರು ಉದ್ದಕ್ಕೆ.

ಹದಿನೈದು ದಿನ ಕಳೆದು ಯಲ್ಲಾಪುರದಲ್ಲಿ ಬಾಮೈದನ ಹೊಸ ಮನೆಯ ಪ್ರವೇಶ. ಮನೆ ಗುಡ್ಡದ ಮೇಲಿತ್ತು, ರಸ್ತೆಯಿಂದ ಮೆಟ್ಟಿಲು ಹತ್ತಬೇಕು. ಕೇಕ್ ನಾನೇ ಮಾಡಿಕೊಂಡು ಹೋಗಿದ್ದೆ, ಬೇರೆಯವರ ಕೈಗೆ ಕೊಡಲು ಮನಸ್ಸಾಗದೆ ನಾನೇ ಹಿಡಿದು ಹತ್ತಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಉಸಿರು ಒಳಗೂ ಹೋಗಲೊಲ್ಲದು, ಹೊರಗೂ ಬರಲೊಲ್ಲದು. ಕೇಕಿನ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ. ಹೋಗುವವರು ಬರುವವರು ನನ್ನನ್ನು ಬಳಸಿಕೊಂಡು ಹತ್ತಿದರು. ಬಾಗಿದಾಗ ಜೇಬಿನಿಂದ ಪೀಪಿ ಉರುಳಿ ಕೆಳಗಿನ ಮೆಟ್ಟಿಲಿಗೆ ಬಿತ್ತು.

ಅದನ್ನು ಎತ್ತಿಕೊಂಡವಳು ನನ್ನ ಮಗಳು. ಶಿರಸಿಯ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದಳು, ರಸಾಯನಶಾಸ್ತ್ರ. ಭಾನುವಾರ ಮಾತ್ರ ಮನೆಗೆ ಬರುತ್ತಿದ್ದವಳ ಎದುರು ನಾನು ಎಳೆದದ್ದಿಲ್ಲ, ಪೀಪಿಯ ಸಂಗತಿ ಯಾರೂ ಹೇಳಿರಲಿಲ್ಲ. ಫೋನಿನಲ್ಲಿ "ಡಾಕ್ಟ್ರು ಹಬೆ ತಗಳಕೆ ಹೇಳಿದಾರೆ" ಎಂದಷ್ಟೇ ನಾನು ಹೇಳಿದ್ದು.

"ಅಪ್ಪಾ, ಇದೆಂತಾ?"

"ಅದೇ... ಹಬೆ."

"ಡಾಕ್ಟ್ರು ಹಬೆ ತಗಳಕೆ ಹೇಳಿದಾರೆ ಅಂದಿದ್ಯಲಾ, ಇದನ್ನಾ?"

"ಮತ್ತೆಂತದು?"

ಅವಳು ನನ್ನ ಪಕ್ಕದಲ್ಲಿ ಕೂತಳು. ಮೂಸಿ ನೋಡಿ, "ಇದು ಬಟರ್ ಎಸೆನ್ಸ್ ವಾಸನೆ" ಎಂದಳು. ನನ್ನ ಮಗಳಲ್ಲವೇ, ಮೂಗು ಸುಳ್ಳು ಹೇಳದು. ನಾನೇ ಬೆರೆಸಿದ್ದು, ಎಲ್ಲಾ ತಿನ್ನುವುದೇ ಎಂದು ಹೇಳಿದೆ. ಅವಳು ಜಗಳಕ್ಕೆ ಬರುತ್ತಾಳೆಂದುಕೊಂಡಿದ್ದೆ. ಬರಲಿಲ್ಲ. ಮುಖದ ಬಣ್ಣ ಇಳಿದಿತ್ತು.

"ಅಪ್ಪಾ, ಬೆಣ್ಣೆ ಪರಿಮಳಕ್ಕೆ ಡೈಅಸಿಟೈಲ್ ಅಂತ ಒಂದು ಹಾಕ್ತಾರೆ. ಹೊಟ್ಟೆಗೆ ಹೋದ್ರೆ ತೊಂದ್ರೆ ಇಲ್ಲ, ಹೊಟ್ಟೆಗೆ ಅರಗಿಸೋದು ಗೊತ್ತದೆ. ಎದೆಗೆ ಗೊತ್ತಿಲ್ಲ. ಉಸಿರಲ್ಲಿ ಜಾಸ್ತಿ ಹೋದ್ರೆ ಒಳಗಿನ ಸಣ್ಣ ಸಣ್ಣ ಕೊಳವೆ ಗಾಯ ಆಗಿ ಕಟ್ಕಳ್ತದೆ. ಬೆಣ್ಣೆ ಪಾಪ್‌ಕಾರ್ನ್ ಮಾಡೋ ಕಾರ್ಖಾನೆಯವ್ರಿಗೆ ಹಂಗೆ ಆಗಿತ್ತು, ನಮಗೆ ಕ್ಲಾಸಲ್ಲಿ ಹೇಳಿದಾರೆ."

"ಕಟ್ಟಿದ್ದು ಬಿಡ್ತದಲಾ?"

ಅವಳು ಕೇಕಿನ ಪೆಟ್ಟಿಗೆ ತನ್ನ ತೊಡೆಗೆ ಎಳೆದುಕೊಂಡಳು. ಬಿಡುವುದಿಲ್ಲ ಎಂದು ನನಗೆ ಅರ್ಥವಾಯಿತು.

ಮರುದಿನ ಇಬ್ಬರೂ ಶಿರಸಿಗೆ ಹೋದೆವು. ಡಾಕ್ಟರು ಸಿಗುವುದು ಸಂಜೆ ನಾಲ್ಕರ ಮೇಲೆ. ಅಷ್ಟರವರೆಗೆ ಬಸ್ ಸ್ಟ್ಯಾಂಡಿನಲ್ಲಿ ಕೂರಿಸುವ ಬದಲು ಮಗಳು ನನ್ನನ್ನು ಕಾಲೇಜಿಗೆ ಕರೆದುಕೊಂಡು ಹೋದಳು. ಫೋನು ಮಾಡಿ ಅವಳ ಮೇಡಂ ಹತ್ತಿರ ಒಪ್ಪಿಗೆ ಕೇಳಿದ್ದಳಂತೆ. ಮದುವೆಗೆ ಹಾಕುವ ಅಂಗಿ ಹಾಕಿಕೊಂಡಿದ್ದೆ, ಆದರೂ ಪ್ರಯೋಗಶಾಲೆಯ ಹೊಸ್ತಿಲಲ್ಲಿ ಚಪ್ಪಲಿ ಬಿಡಬೇಕೋ ಬೇಡವೋ ತಿಳಿಯದೆ ನಿಂತೆ. ಮೇಡಂ ನೋಡಿ, "ಬನ್ನಿ, ಚಪ್ಪಲಿ ಇರ್ಲಿ, ಇಲ್ಲಿ ಬರಿಗಾಲಲ್ಲಿ ಬರಬಾರ್ದು. ನಿಮ್ಮ ಬೆಣ್ಣೆ ಬಿಸ್ಕಿಟು ನಮ್ಮ ಸ್ಟಾಫ್ ರೂಮಿಗೂ ಬರ್ತದೆ" ಎಂದರು. ಆಗ ಸ್ವಲ್ಪ ನೆಟ್ಟಗೆ ನಿಂತೆ.

ಮಗಳು ಎರಡು ಟೆಸ್ಟ್ ಟ್ಯೂಬಿನಲ್ಲಿ ನೀರು ತೆಗೆದುಕೊಂಡಳು. ನಾನು ಬೆರೆಸಿದ ಬಾಟಲಿಯ ನಾಲ್ಕು ಹನಿಯನ್ನು ಮೊದಲನೆಯದಕ್ಕೆ ಹಾಗೆಯೇ ಬಿಟ್ಟಳು. ಎರಡನೆಯದಕ್ಕೆ ಪೀಪಿಯ ಹಬೆಯನ್ನು ದೊಡ್ಡ ಸಿರಿಂಜಿನಿಂದ ಎಳೆದು, ಸಣ್ಣ ಪೈಪಿನಲ್ಲಿ ಗುಳುಗುಳು ಎಂದು ನೀರೊಳಗೆ ಬಿಟ್ಟಳು. ಹತ್ತಿಪ್ಪತ್ತು ಸಲ. ಆಮೇಲೆ ಎರಡಕ್ಕೂ ಬಣ್ಣವಿಲ್ಲದ ಒಂದು ದ್ರಾವಣ ಹಾಕಿ, "ಆಲ್ಡಿಹೈಡ್ ಅನ್ನೋ ಜಾತಿ ಇದ್ರೆ ಮಾತ್ರ ಇದು ಬಣ್ಣ ತಿರುಗ್ತದೆ ಅಪ್ಪಾ. ಕಣ್ಣು, ಗಂಟಲು, ಎದೆ ಎಲ್ಲಾ ಉರಿಸೋ ಜಾತಿ" ಎಂದಳು.

ಮೊದಲನೆಯದು ತಿಳಿಯಾಗಿಯೇ ಉಳಿಯಿತು. ಎರಡನೆಯದು ನೋಡುನೋಡುತ್ತಿದ್ದಂತೆ ತೆಳು ಗುಲಾಬಿಯಾಯಿತು, ಮತ್ತೆ ದಟ್ಟವಾಗಿ ನಾವು ಕೇಕಿಗೆ ಹಾಕುವ ಚೆರ್‍ರಿಯ ಪಾಕದ ಬಣ್ಣಕ್ಕೆ ತಿರುಗಿತು.

"ಬಾಟ್ಲಿ ಒಂದೇ ಅಲ್ದಾ?" ಎಂದೆ.

"ಒಂದೇ."

"ಮತ್ತೆ ಇದೆಲ್ಲಿಂದ ಬಂತು?"

"ಪೀಪಿಯೊಳಗೆ ಒಂದು ತಂತಿ ಕಾಯ್ತದೆ. ಗ್ಲಿಸರಿನ್ ಕಾದು ಮುರಿದಾಗ ಹುಟ್ಟಿದ್ದು. ಡಬ್ಬಿ ಮೇಲೆ ಬರೆದಿರೋದು ಕಾಯಿಸೋ ಮೊದಲಿನ ಲೆಕ್ಕ."

ಮೇಡಂ ನಡುವೆ ಬಂದು, "ಇದು ಇದೆ ಅಂತ ಮಾತ್ರ ತೋರಿಸ್ತದೆ, ಎಷ್ಟಿದೆ ಅಂತ ಹೇಳೋದಿಲ್ಲ. ಅದಕ್ಕೆ ದೊಡ್ಡ ಯಂತ್ರ ಬೇಕು, ನಮ್ಮಲ್ಲಿ ಇಲ್ಲ. ನಿಮ್ಮ ಎಸೆನ್ಸಿನ ಬೆಣ್ಣೆ ಅಂಶವನ್ನೂ ಇದು ಹಿಡಿಯೋದಿಲ್ಲ. ಸುಮ್ನೆ ಹೆದರಿಸಬಾರ್ದು ನೋಡಿ" ಎಂದರು.

ಅವರು ಹೆದರಿಸಬೇಕಾಗಿರಲಿಲ್ಲ. ಆ ಬಣ್ಣ ನೋಡಿ ನನಗೆ ನಾಚಿಕೆಯಾಯಿತು. ಸಕ್ಕರೆಯನ್ನು ಬಾಣಲೆಯಲ್ಲಿ ಕಾಯಿಸಿದರೆ ಹೊಂಬಣ್ಣಕ್ಕೆ ಬರುತ್ತದೆ, ಇನ್ನೂ ಬಿಟ್ಟರೆ ಕಹಿಯಾಗುತ್ತದೆ, ಇನ್ನೂ ಬಿಟ್ಟರೆ ಕಣ್ಣಲ್ಲಿ ನೀರು ಬರಿಸುತ್ತದೆ. ಬಾಣಲೆಗೆ ಹಾಕಿದ್ದು ಸಕ್ಕರೆಯೊಂದೇ. ಉರಿ ಮುಟ್ಟಿದ ಮೇಲೆ ಹಿಟ್ಟು ಹಿಟ್ಟಾಗಿ ಉಳಿಯುವುದಿಲ್ಲ. ಅದನ್ನು ಬನ್ನು ಮಾಡಿಯೇ ನಾನು ಬದುಕಿದ್ದು. ಇಪ್ಪತ್ತೈದು ವರ್ಷ ಬೆಂಕಿಯ ಮುಂದೆ ನಿಂತವನಿಗೆ ಪೀಪಿಯೊಳಗೂ ಒಂದು ಭಟ್ಟಿ ಇದೆಯೆಂದು ಹೊಳೆಯಲಿಲ್ಲ. ಇದನ್ನು ತಿಳಿಯಲು ಕಾಲೇಜು ಬೇಕಿರಲಿಲ್ಲ.

ನಾಲ್ಕಕ್ಕೆ ಡಾಕ್ಟರ ಹತ್ತಿರ ಹೋದಾಗ ಮಗಳು ಪೀಪಿಯನ್ನು ಅವರ ಮೇಜಿನ ಮೇಲಿಟ್ಟು, "ಸರ್, ಅಪ್ಪ ದಿನಕ್ಕೆ ಮೂರು ಸಲ ತಗಳ್ತಿರೋ ಹಬೆ ಇದು. ಅಮ್ಮ ಇದಕ್ಕೆ ಪೀಪಿ ಅಂತಾಳೆ" ಎಂದಳು.

ಡಾಕ್ಟರು ಪೀಪಿಯನ್ನು ನೋಡಿದರು, ನನ್ನನ್ನು ನೋಡಿದರು, ತಲೆಯ ಮೇಲೆ ಕೈ ಇಟ್ಟುಕೊಂಡರು.

"ಯಪ್ಪಾ! ನಾ ಹೇಳಿದ್ದು ಬಿಸಿನೀರಿನ ಹಬಿ ಮಾರಾಯ್ರ!"

ಆಮೇಲೆ, "ತಪ್ಪು ನಂದೂ ಐತ್ರಿ. ಹಬಿ ಅಂದ್ರ ಯಾವ ಹಬಿ ಅಂತ ನಾ ಕೇಳಬೇಕಿತ್ತು. ಹೊರಗ ಗದ್ದಲ ಇತ್ತು, ಬಿಟ್ಟೆ" ಎಂದರು. ಅಷ್ಟು ಓದಿದ ಮನುಷ್ಯ ನನ್ನಂಥವನ ಮುಂದೆ ತಪ್ಪು ಒಪ್ಪಿದ್ದು ನನಗೆ ದೊಡ್ಡದಾಗಿ ಕಂಡಿತು. ನಾನೂ ಒಪ್ಪಿದೆ.

ಒಂದು ಕೊಳವೆ ಕೊಟ್ಟು ಜೋರಾಗಿ ಊದಲು ಹೇಳಿದರು. ಊದಿದೆ. ಪಕ್ಕದ ಯಂತ್ರದಲ್ಲಿ ಗೆರೆ ಎದ್ದು ಕೂಡಲೇ ಬಿದ್ದುಹೋಯಿತು. ಮೂರು ಸಲವೂ ಹಾಗೆಯೇ. ಎದೆಯ ಫೋಟೊ ತೆಗೆಸಿದರು. ಎಲ್ಲ ನೋಡಿ ನಿಧಾನವಾಗಿ ಹೇಳಿದರು. ಕೊಳವೆಗಳು ಬಾತುಕೊಂಡಿವೆ. ಬರೀ ಬಾವಾದರೆ ಇಳಿಯುತ್ತದೆ. ಗಾಯವಾಗಿ ಕಲೆ ಕಟ್ಟಿದ್ದರೆ ಇಳಿಯುವುದಿಲ್ಲ. ಇವತ್ತೇ ಹೇಳಲಾಗದು. ಪೀಪಿ ಬಂದ್, ಬೀಡಿ ಬಂದ್, ಮದ್ದು ತಗೊಂಡು ಆರು ವಾರಕ್ಕೆ ಮತ್ತೆ ಬಂದು ಊದಬೇಕು.

ಕೊಟ್ಟ ಮದ್ದು ಬಾಯಿಗಿಟ್ಟು ಎಳೆಯುವ ಇನ್ನೊಂದು ಪೀಪಿ! "ಇದನ್ನ ಸ್ವಂತ ತಯಾರ ಮಾಡಬ್ಯಾಡ್ರಿ ಮತ್ತ" ಎಂದರು ಡಾಕ್ಟರು.

ಆ ಆರು ವಾರ ಹೇಗೆ ಕಳೆದವು ಎಂದರೆ, ನಾನು ಉಸಿರನ್ನು ಕೇಳಿಸಿಕೊಳ್ಳುತ್ತಾ ಇದ್ದೆ. ಕಲೆ ಕಟ್ಟಿದ್ದರೆ ಭಟ್ಟಿಯ ಮುಂದೆ ನಿಲ್ಲುವುದು ಮುಗಿಯಿತು. ಭಟ್ಟಿ ಬಿಟ್ಟರೆ ನನಗೆ ಬೇರೆ ಏನೂ ಬಾರದು. ಹೆಂಡತಿ ಮೂರು ಹೊತ್ತು ನೀರು ಕುದಿಸಿ, ನನ್ನ ತಲೆಯ ಮೇಲೆ ಕಂಬಳಿ ಎಳೆದು, ಒಳಗೆ ಕೂತವನಿಗೆ ಕೇಳುವಂತೆ, "ಇದು ಹಬೆ. ಕಂಡ್ರಾ? ಹಬೆ ಅಂದ್ರೆ ಇದು" ಎನ್ನುತ್ತಿದ್ದಳು. ಬೀಡಿಯ ನೆನಪು ಬಂದಾಗ ಏಲಕ್ಕಿ ಅಗಿದೆ. ಮಗಳು ದಿನಾ ಫೋನು ಮಾಡಿ, "ಎಷ್ಟು ಮೆಟ್ಲು ಹತ್ತಿದೆ?" ಎಂದು ಕೇಳುವಳು. ಬಾಮೈದ ಯಲ್ಲಾಪುರದಿಂದ ಬಂದು ತಪ್ಪಾಯಿತೆಂದು ಬಾಗಿಲಲ್ಲೇ ನಿಂತ. ಅವನಕ್ಕ, "ಒಳಗೆ ಬಾ, ಕೈ ಮಾತ್ರ ಖಾಲಿ ಇರ್ಲಿ" ಎಂದಳು.

ಕೆಲಸದ ರೀತಿಯನ್ನೂ ಬದಲಿಸಿದೆ. ಮೊದಲೆಲ್ಲ ಬಿಸಿ ಡಾಲ್ಡಾದ ಮೇಲೆ ಎಸೆನ್ಸ್ ಸುರಿದು, ಮುಖ ಬಗ್ಗಿಸಿ ಪರಿಮಳ ಎಳೆದು ನೋಡುತ್ತಿದ್ದೆ. ಆ ಪರೀಕ್ಷೆಯೇ ನನ್ನ ಹೆಮ್ಮೆಯಾಗಿತ್ತು. ಈಗ ಡಾಲ್ಡಾ ಆರಿದ ಮೇಲೆ, ಕಿಟಕಿ ತೆಗೆದು, ಮೂಗಿಗೆ ಬಟ್ಟೆ ಕಟ್ಟಿ ಹಾಕುತ್ತೇನೆ. ಬಿಸ್ಕಿಟಿನ ರುಚಿ ಬದಲಾಗಿದೆ ಎಂದು ಒಬ್ಬರೂ ಹೇಳಿಲ್ಲ.

ನಾಲ್ಕನೇ ವಾರದ ಒಂದು ಬೆಳಿಗ್ಗೆ ಕೌಂಟರಿನ ಹತ್ತಿರ ನಿಂತು ಯಾರಿಗೋ ಪಾವು ಬ್ರೆಡ್ಡು ಕಟ್ಟಿಕೊಡುತ್ತಿದ್ದೆ. ಒಳಗಿನಿಂದ ಟೋಸ್ಟಿನ ವಾಸನೆ ಬಂತು. ಬಂದದ್ದಷ್ಟೇ ಅಲ್ಲ, ಇನ್ನೆರಡು ನಿಮಿಷ ಬೇಕು ಎಂದೂ ಹೇಳಿತು. ಪಾವು ಅಲ್ಲೇ ಬಿಟ್ಟು ಒಳಗೆ ಹೋದೆ, ಭಟ್ಟಿಯ ಬಾಗಿಲ ಮುಂದೆ ಕಾದೆ, ತೆಗೆದೆ. ಸರಿಯಾಗಿತ್ತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಹೋಗಿಬಿಡುತ್ತದೆ ಎಂಬ ಹೆದರಿಕೆ.

ಆರನೇ ವಾರ ಮಗಳ ಜೊತೆ ಮತ್ತೆ ಶಿರಸಿಗೆ ಹೋದೆ. ಕೊಳವೆ ಬಾಯಿಗಿಟ್ಟೆ. "ಊದ್ರಿ, ಊದ್ರಿ, ಊದ್ರಿ, ಬಿಡಬ್ಯಾಡ್ರಿ" ಎಂದು ಡಾಕ್ಟರು ಜಾತ್ರೆಯ ಕುಸ್ತಿಗೆ ಕೂಗುವವರ ಹಾಗೆ ಕೂಗಿದರು. ನಾನು ಕಣ್ಣು ಮುಚ್ಚಿ ಊದಿದೆ. ಕಣ್ಣು ತೆಗೆದಾಗ ನೋಡಿದ್ದು ಗೆರೆಯನ್ನಲ್ಲ, ಮಗಳ ಮುಖವನ್ನು. ಅವಳಿಗೆ ಆ ಗೆರೆ ಓದಲು ಬರುತ್ತಿತ್ತು. ಅವಳು ಚೂಡಿದಾರದ ತುದಿಯಿಂದ ಕಣ್ಣು ಒರೆಸುತ್ತಿದ್ದಳು, ಜೊತೆಗೆ ಹಲ್ಲೂ ಕಾಣುತ್ತಿತ್ತು.

"ಬಾವು ಇಳದೈತ್ರಿ. ಕಲಿ ಕಟ್ಟಿಲ್ಲ" ಎಂದರು ಡಾಕ್ಟರು. "ಸಣ್ಣ ಪುಣ್ಯ ಅಲ್ಲ ನಿಮ್ಮದು. ಭಟ್ಟಿ ಮುಂದ ನಿಲ್ರಿ, ಅಡ್ಡಿ ಇಲ್ಲ. ಮದ್ದು ಇನ್ನೊಂದು ತಿಂಗಳು. ಹಬಿ?"

"ಪಾತ್ರೆದು ಸರ್. ಬರೀ ನೀರು. ತುಳಸಿನೂ ಕೇಳೇ ಹಾಕ್ತೆ."

ಅವರು ನಕ್ಕು ಬೆನ್ನು ತಟ್ಟಿದರು. ನಾವು ಹೊರಗೆ ಬರುತ್ತಿದ್ದಂತೆ ನಮ್ಮ ಹಿಂದಿನ ಸರದಿಯ ಅಜ್ಜಿ ಒಳಗೆ ಹೋದಳು. ಮೆಟ್ಟಿಲ ಹತ್ತಿರ ಚಪ್ಪಲಿ ಹುಡುಕುತ್ತಿರುವಾಗ ಪರದೆಯ ಆಚೆಯಿಂದ ಡಾಕ್ಟರ ದನಿ ಕೇಳಿತು.

"ಅಜ್ಜಿ, ಹಬಿ ತಗೋತೇನಿ ಅಂದಿರಲ್ಲ, ಯಾವ ಹಬಿ?"

"ಎಂತಾ ಡಾಕ್ಟ್ರೇ, ಹಬೆಲೂ ನಮೂನೆ ನಮೂನೆ ಇರ್ತದಾ?"

"ಇರ್ತೈತಿ. ಪಾತ್ರಿದೋ, ಪೀಪಿದೋ?"

"ಪೀಪಿ ಊದಾಕೆ ನಂಗೆ ಹಲ್ಲೆಲ್ಲಿ ಅದೆ?"

ನನಗೆ ನಗು ಬಂತು. ಸಣ್ಣದಾಗಿ ಶುರುವಾಗಿ ಹೊಟ್ಟೆ ಹಿಡಿಯುವಷ್ಟು ಬಂತು, ಗೋಡೆಗೆ ಕೈ ಕೊಟ್ಟು ನಿಂತೆ. ಎರಡು ಮೆಟ್ಟಿಲು ಕೆಳಗಿದ್ದ ಮಗಳು ಗಕ್ಕನೆ ತಿರುಗಿ, ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ಹಿಡಿದಳು. ಅಷ್ಟು ತಿಂಗಳಿಂದ ನನ್ನ ಪ್ರತಿ ನಗುವಿನ ಹಿಂದೆ ಕೆಮ್ಮು ಬರುತ್ತಿತ್ತು, ಅವಳಿಗೆ ಅದೇ ರೂಢಿ. ನಾನೂ ಎದೆಗೆ ಕೈ ಇಟ್ಟು ಕಾದೆ.

ಬರಲಿಲ್ಲ. ಇನ್ನೂ ಸ್ವಲ್ಪ ಕಾದೆವು, ಆಗಲೂ ಬರಲಿಲ್ಲ.

"ಕುಡೀತ್ಯಾ?" ಎಂದಳು.

"ಬೇಡ ಮಾರಾಯ್ತಿ, ನೀನೇ ಕುಡಿ" ಎಂದೆ. ಅವಳು ಗಟಗಟ ಕುಡಿದಳು. ಐದೂವರೆಯ ಸಿದ್ದಾಪುರದ ಬಸ್ಸು ಹಿಡಿಯಲು ಇಬ್ಬರೂ ಓಡಿದೆವು.